ಬೀಗ ಬಯಲಲ್ಲಿರಲಿ, ಕೀಲಿ ಕೈಯಲ್ಲಿರಲಿ

ನಮ್ಮ ಹಳೆಯ ದನದ ಜಾತ್ರೆಗಳನ್ನು ಕಂಡವರಿಗೆ ಒಂದು ದೃಶ್ಯ ನೆನಪಿರಬಹುದು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಬಾಲಕನಾಗಿದ್ದಾಗ ನಾನು ಅದನ್ನು ಬೆರಗಿನಿಂದ ನೋಡಿದ್ದೇನೆ. ಎತ್ತಿನ ಜೋಡಿಯ ಮುಂದೆ ಮಾರುವವನೂ ದಲ್ಲಾಳಿಯೂ ಎದುರುಬದುರು ನಿಂತು, ಕೈಗಳ ಮೇಲೆ ಟವೆಲ್ ಹೊದಿಸಿ, ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ವ್ಯಾಪಾರ ಕುದುರಿಸುತ್ತಿದ್ದರು. ಬಾಯಲ್ಲಿ ಒಂದು ಅಂಕಿಯೂ ಹೊರಡುತ್ತಿರಲಿಲ್ಲ. ಯಾವ ಬೆರಳಿಗೆ ಎಷ್ಟು ಎಂಬ ಲೆಕ್ಕ ಸುತ್ತ ನಿಂತ ಐವತ್ತು ಜನರಿಗೂ ಗೊತ್ತಿತ್ತು. ಆದರೆ ಟವೆಲಿನ ಕೆಳಗೆ ಆ ಗಳಿಗೆಯಲ್ಲಿ ಹಿಡಿದ ಬೆರಳು ಯಾವುದು ಎಂಬುದು ಇಬ್ಬರಿಗೆ ಮಾತ್ರ ಗೊತ್ತು. ವಿಧಾನ ಊರಿಗೆಲ್ಲ ತಿಳಿದದ್ದು. ಗುಟ್ಟು ಒಂದು ಟವೆಲಿನಷ್ಟು ಮಾತ್ರ.

ಐದು ದಶಕಗಳ ನಂತರ ಈ ದೃಶ್ಯ ಮತ್ತೆ ನೆನಪಾಗಲು ಕಾರಣ ನನ್ನ ತಮ್ಮನ ಮಗಳು. ಬೆಂಗಳೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದುಕೊಂಡು ಎಂಜಿನಿಯರಿಂಗ್ ಓದುತ್ತಿರುವ ಅವಳಿಗೆ ಈ ವರ್ಷ ಗೂಢಲಿಪಿಶಾಸ್ತ್ರ, ಅಂದರೆ ಕ್ರಿಪ್ಟೋಗ್ರಫಿ, ಒಂದು ವಿಷಯ. 'ದೊಡ್ಡಪ್ಪ, ನಮ್ಮ ಮೊದಲನೇ ಪಾಠ ಏನು ಗೊತ್ತಾ? ಬೀಗ ಹೇಗೆ ಮಾಡಿದ್ದೀವಿ ಅಂತ ಶತ್ರುವಿಗೆ ಪೂರ್ತಿ ಗೊತ್ತಿದೆ ಅಂತಲೇ ಇಟ್ಟುಕೊಳ್ಳಬೇಕಂತೆ' ಎಂದಳು. ಮೂರು ದಶಕಗಳಿಗೂ ಹೆಚ್ಚು ಕಾಲ 'ಗೋಪ್ಯ', 'ಅತಿ ಗೋಪ್ಯ' ಎಂಬ ಮುದ್ರೆಗಳ ನಡುವೆ ಕೆಲಸ ಮಾಡಿದ ನನಗೆ ಇದು ವಿಚಿತ್ರವಾಗಿ ಕಂಡಿತು. ಕುತೂಹಲ ತಡೆಯಲಾರದೆ ಅವಳ ಪುಸ್ತಕಗಳನ್ನು ತಿರುವಿಹಾಕಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡ್ಯಾನ್ ಬೋನೆ ಅವರು 2012ರಲ್ಲಿ ಅಂತರ್ಜಾಲಕ್ಕೆ ತಂದ ಪ್ರಾಥಮಿಕ ಕೋರ್ಸಿನ ಉಪನ್ಯಾಸಗಳನ್ನೂ ಅವಳ ಜೊತೆ ಕುಳಿತು ಕೇಳಿದೆ. ಗಣಿತದ ಅರ್ಧದಷ್ಟು ತಲೆಗೆ ಹತ್ತಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಹತ್ತಿದಷ್ಟು ಭಾಗ ಮಾತ್ರ ನನ್ನ ಸೇವಾವಧಿಯ ಒಂದು ತಪ್ಪನ್ನು ಮತ್ತೆ ಕಣ್ಣೆದುರು ತಂದು ನಿಲ್ಲಿಸಿತು. ಆ ತಪ್ಪಿನ ವಿಷಯಕ್ಕೆ ಮುಂದೆ ಬರುತ್ತೇನೆ.

ಕೆರ್ಕಾಫ್ಸ್ ಹೇಳಿದ ಮಾತು

ಎಲ್ಲ ಪ್ರಾಥಮಿಕ ಕೋರ್ಸುಗಳೂ ಸಾಮಾನ್ಯವಾಗಿ ರೋಮಿನ ಜೂಲಿಯಸ್ ಸೀಸರ್‌ನಿಂದ ಆರಂಭವಾಗುತ್ತವೆ. ಪ್ರತಿ ಅಕ್ಷರದ ಬದಲು ವರ್ಣಮಾಲೆಯಲ್ಲಿ ಅದರಿಂದ ಮೂರನೆಯ ಅಕ್ಷರವನ್ನು ಬರೆಯುವುದು ಅವನ ಗೂಢಲಿಪಿ. ಇದನ್ನೇ ಕನ್ನಡದ ವ್ಯಂಜನಗಳಿಗೆ ಅನ್ವಯಿಸಿದರೆ 'ಕಮಲ' ಎಂಬುದು 'ಘಲಷ' ಆಗುತ್ತದೆ. ನೋಡಿದವರಿಗೆ ಅರ್ಥವಾಗುವುದಿಲ್ಲ, ನಿಜ. ಆದರೆ ವಿಧಾನದ ಸುಳಿವು ಸಿಕ್ಕ ಕೂಡಲೇ ನಮ್ಮ 34 ವ್ಯಂಜನಗಳಿಗೆ 33 ಬಗೆಯ ಪಲ್ಲಟಗಳನ್ನು ಪರೀಕ್ಷಿಸಿದರೆ ಸಾಕು. ಪ್ರೌಢಶಾಲೆಯ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಬಿಡಿಸಿಬಿಡುತ್ತಾನೆ. ಅಕ್ಷರಗಳನ್ನು ಮನಬಂದಂತೆ ಅದಲುಬದಲು ಮಾಡಿದರೂ ಪ್ರಯೋಜನವಿಲ್ಲ. ಒಂದು ಭಾಷೆಯಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂಬ ಎಣಿಕೆಯಿಂದಲೇ ಅಂಥ ಲಿಪಿಯನ್ನು ಒಡೆಯಬಹುದೆಂದು ಬಾಗ್ದಾದಿನ ವಿದ್ವಾಂಸ ಅಲ್ ಕಿಂದಿ ಒಂಬತ್ತನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ನಮ್ಮಲ್ಲಿಯೂ ಕೌಟಿಲ್ಯನ ಅರ್ಥಶಾಸ್ತ್ರ ಗೂಢಚಾರರ ಗೂಢಲೇಖ್ಯವನ್ನು ಹೇಳುತ್ತದೆ. ವಾತ್ಸ್ಯಾಯನ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ 'ಮ್ಲೇಚ್ಛಿತ ವಿಕಲ್ಪ'ವನ್ನು ಸೇರಿಸಿದ್ದಾನೆ. ಗುಟ್ಟಾಗಿ ಬರೆಯಬೇಕೆಂಬ ಆಸೆ ಬರವಣಿಗೆಯಷ್ಟೇ ಹಳೆಯದು. ಬರೆದದ್ದು ಗುಟ್ಟಾಗಿ ಉಳಿದದ್ದು ಮಾತ್ರ ಕಡಿಮೆ.

ಈ ಸೋಲುಗಳಿಂದ ಪಾಠ ಕಲಿತು ಒಂದು ಸೂತ್ರವನ್ನು ನಿರೂಪಿಸಿದವನು ಹಾಲೆಂಡಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಜರ್ಮನ್ ಭಾಷೆ ಕಲಿಸುತ್ತಿದ್ದ ಆಗಸ್ಟ್ ಕೆರ್ಕಾಫ್ಸ್. 1883ರಲ್ಲಿ ಫ್ರಾನ್ಸಿನ ಸೇನಾ ಪತ್ರಿಕೆಯೊಂದರಲ್ಲಿ ಪ್ರಕಟವಾದ ತನ್ನ ಲೇಖನದಲ್ಲಿ ಅವನು ಆರು ನಿಯಮಗಳನ್ನು ಕೊಟ್ಟ. ಅವುಗಳಲ್ಲಿ ಎರಡನೆಯದು ಇಂದಿಗೂ ಈ ಶಾಸ್ತ್ರದ ಅಡಿಗಲ್ಲು. ಗೂಢಲಿಪಿಯ ವಿಧಾನ ಶತ್ರುವಿನ ಕೈಸೇರಿದರೂ ಅನನುಕೂಲವಾಗಬಾರದು. ಗುಟ್ಟಾಗಿರಬೇಕಾದ್ದು ಕೀಲಿ ಮಾತ್ರ ಎಂಬುದು ಅದರ ತಾತ್ಪರ್ಯ. ಇದಕ್ಕೆ ಕಾರಣ ಸರಳ. ವಿಧಾನವನ್ನು ನೂರಾರು ಜನ ಬಳಸುತ್ತಾರೆ. ನೂರಾರು ಜನರಿಗೆ ತಿಳಿದದ್ದು ಗುಟ್ಟಾಗಿ ಉಳಿಯುವುದಿಲ್ಲ. ಒಮ್ಮೆ ಬಯಲಾದರೆ ಇಡೀ ವ್ಯವಸ್ಥೆಯನ್ನು ಬದಲಿಸಬೇಕು. ಕೀಲಿ ಹಾಗಲ್ಲ. ಅದು ಚಿಕ್ಕದು, ಒಬ್ಬರ ಬಳಿ ಇರುವಂಥದ್ದು, ಕಳೆದುಹೋದರೆ ಆ ಸಂಜೆಯೇ ಬದಲಿಸಬಹುದಾದದ್ದು.

ಸರ್ಕಾರಿ ನೌಕರರಾದ ನಮ್ಮ ಪ್ರವೃತ್ತಿ ಇದಕ್ಕೆ ತದ್ವಿರುದ್ಧವಾದದ್ದು ಎಂಬುದನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಅರ್ಜಿ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ, ಯಾವ ಮಾನದಂಡದ ಮೇಲೆ ತೀರ್ಮಾನವಾಗುತ್ತದೆ ಎಂಬ ವಿಧಾನವನ್ನು ನಾವು ಜನರಿಂದ ಮುಚ್ಚಿಡುತ್ತೇವೆ. ನಿಜವಾಗಿ ಕಾಪಾಡಬೇಕಾದ ಮುದ್ರೆ, ಸಹಿ, ಪಾಸ್‌ವರ್ಡುಗಳು ಮೇಜಿನ ಮೇಲೆ ಬಿದ್ದಿರುತ್ತವೆ.

ಅಸಾಧ್ಯವಲ್ಲ, ದುಬಾರಿ

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಹಿಡಿಸಿದ ಇನ್ನೊಂದು ಅಂಶವಿದೆ. ಆಧುನಿಕ ಗೂಢಲಿಪಿ 'ಒಡೆಯಲು ಅಸಾಧ್ಯ' ಎಂದು ಸಾಮಾನ್ಯವಾಗಿ ಹೇಳಿಕೊಳ್ಳುವುದಿಲ್ಲ; 'ಒಡೆಯಲು ತಗಲುವ ವೆಚ್ಚ ಯಾರಿಗೂ ಕೈಗೆಟುಕದು' ಎನ್ನುತ್ತದೆ. ಭದ್ರತೆ ಎಂಬುದು ವೆಚ್ಚದ ಲೆಕ್ಕ. ಅಮೆರಿಕ ಸರ್ಕಾರ 1977ರಲ್ಲಿ ಅಂಗೀಕರಿಸಿದ ಡಿಇಎಸ್ ಎಂಬ ಮಾನಕದ ಕೀಲಿ 56 ಬಿಟ್‌ಗಳದ್ದು. ಅಂದರೆ ಸುಮಾರು 720 ಕೋಟಿ ಕೋಟಿ ಸಾಧ್ಯತೆಗಳು. ಆ ಕಾಲಕ್ಕೆ ಅದು ಅಗಾಧವೆನಿಸಿತ್ತು. 1998ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆ ಎರಡೂವರೆ ಲಕ್ಷ ಡಾಲರಿಗೂ ಕಡಿಮೆ ವೆಚ್ಚದಲ್ಲಿ ಒಂದು ಯಂತ್ರ ಕಟ್ಟಿ, ಸುಮಾರು 56 ಗಂಟೆಗಳಲ್ಲಿ ಕೀಲಿಯನ್ನು ಹುಡುಕಿ ತೋರಿಸಿತು. ಇಂದು ಬಳಕೆಯಲ್ಲಿರುವ 128 ಬಿಟ್‌ನ ಕೀಲಿಯ ಲೆಕ್ಕ ಬೇರೆ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿಗಳನ್ನು ಪರೀಕ್ಷಿಸುವ ಯಂತ್ರವಿದ್ದರೂ ಎಲ್ಲವನ್ನೂ ಮುಗಿಸಲು ವಿಶ್ವದ ವಯಸ್ಸಾದ 1,380 ಕೋಟಿ ವರ್ಷಗಳ ಎಪ್ಪತ್ತು ಕೋಟಿ ಪಟ್ಟಿಗೂ ಹೆಚ್ಚು ಕಾಲ ಬೇಕು.

ಡಿಇಎಸ್‌ನ ಜಾಗಕ್ಕೆ ಹೊಸ ಮಾನಕವನ್ನು ಆರಿಸಿದ ಬಗೆಯನ್ನಂತೂ ಟೆಂಡರು ಪ್ರಕ್ರಿಯೆ ನಡೆಸುವ ಎಲ್ಲ ಅಧಿಕಾರಿಗಳೂ ಓದಬೇಕು. 1997ರಲ್ಲಿ ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ ಜಗತ್ತಿನ ಯಾರು ಬೇಕಾದರೂ ವಿನ್ಯಾಸ ಸಲ್ಲಿಸಬಹುದೆಂದು ಪ್ರಕಟಿಸಿತು. ಹದಿನೈದು ವಿನ್ಯಾಸಗಳು ಪರಿಗಣನೆಗೆ ಬಂದವು. ಅವೆಲ್ಲವನ್ನೂ ಬಹಿರಂಗವಾಗಿ ಪ್ರಕಟಿಸಿ, ದೋಷ ಹುಡುಕುವಂತೆ ಸ್ಪರ್ಧಿಗಳನ್ನೂ ಸೇರಿಸಿ ಎಲ್ಲರನ್ನೂ ಆಹ್ವಾನಿಸಲಾಯಿತು. ಐದು ಅಂತಿಮ ಸುತ್ತಿಗೆ ಉಳಿದವು. 2000ದ ಅಕ್ಟೋಬರ್‌ನಲ್ಲಿ ಆಯ್ಕೆಯಾದದ್ದು ಅಮೆರಿಕದ್ದಲ್ಲ, ಬೆಲ್ಜಿಯಂನ ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ಅವರ ವಿನ್ಯಾಸ. 2001ರಲ್ಲಿ ಎಇಎಸ್ ಎಂಬ ಹೆಸರಿನಿಂದ ಮಾನಕವಾದ ಅದರ ಪ್ರತಿಯೊಂದು ಹೆಜ್ಜೆಯೂ ಪ್ರಕಟಿತ. ಯಾವ ವಿದ್ಯಾರ್ಥಿಯೂ ಓದಬಹುದು. ಓದಿದವರಾರೂ ಇದುವರೆಗೆ ಅದನ್ನು ಉಪಯುಕ್ತವಾಗುವಂತೆ ಒಡೆದಿಲ್ಲ.

ವಿಧಾನವನ್ನೇ ಬಚ್ಚಿಟ್ಟವರ ಗತಿ ಏನಾಯಿತು? ಜಿಎಸ್‌ಎಂ ಮೊಬೈಲ್ ಸಂಭಾಷಣೆಯನ್ನು ಕಾಪಾಡಲು ಯುರೋಪಿನಲ್ಲಿ ರೂಪಿಸಿದ ಎ5/1 ಎಂಬ ವಿಧಾನವನ್ನು ವರ್ಷಗಟ್ಟಲೆ ಗುಟ್ಟಾಗಿಡಲಾಗಿತ್ತು. 1999ರ ವೇಳೆಗೆ ಅದು ಪೂರ್ತಿಯಾಗಿ ಬಯಲಾಗಿ ಅದರ ದೌರ್ಬಲ್ಯಗಳೂ ಹೊರಬಿದ್ದವು. ಲಂಡನ್ನಿನ ಆಯ್ಸ್ಟರ್ ಪ್ರಯಾಣ ಕಾರ್ಡು ಹಾಗೂ ನೆದರ್ಲೆಂಡ್ಸಿನ ಸಾರಿಗೆ ಕಾರ್ಡುಗಳಲ್ಲಿದ್ದ ಮೈಫೇರ್ ಕ್ಲಾಸಿಕ್ ಚಿಪ್ಪಿನ ಗುಪ್ತ ವಿಧಾನವನ್ನು 2007–08ರಲ್ಲಿ ಸಂಶೋಧಕರು ಬಿಡಿಸಿಟ್ಟರು. ಬಚ್ಚಿಟ್ಟ ಬೀಗವನ್ನು ಪರೀಕ್ಷಿಸಿದವರು ಅದನ್ನು ಮಾಡಿದವರು ಮಾತ್ರ. ಬಯಲಿನಲ್ಲಿಟ್ಟ ಬೀಗವನ್ನು ಪರೀಕ್ಷಿಸಿದ್ದು ಇಡೀ ಜಗತ್ತು. ಎರಡರಲ್ಲಿ ಯಾವುದು ಗಟ್ಟಿ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಅಂಚೆ ಡಬ್ಬಿಯ ತತ್ವ

ಸೀಸರನಿಂದ 1970ರ ದಶಕದವರೆಗೂ ಒಂದು ತೊಡಕು ಹಾಗೆಯೇ ಉಳಿದಿತ್ತು. ಇಬ್ಬರು ಗುಟ್ಟಾಗಿ ಮಾತಾಡಬೇಕಾದರೆ ಮೊದಲು ಕೀಲಿಯನ್ನು ಗುಟ್ಟಾಗಿ ಹಂಚಿಕೊಳ್ಳಬೇಕು. ಗುಟ್ಟಾಗಿ ಹಂಚಿಕೊಳ್ಳುವ ದಾರಿ ಇದ್ದಿದ್ದರೆ ಗೂಢಲಿಪಿಯ ಗೊಡವೆಯೇ ಬೇಕಿರಲಿಲ್ಲವಲ್ಲ! 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಪ್ರಕಟಿಸಿದ ಪ್ರಬಂಧ ಇದಕ್ಕೆ ಪರಿಹಾರ ತೋರಿತು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅದನ್ನು ಮುಂದಕ್ಕೆ ಒಯ್ದರು. ಬ್ರಿಟನ್ನಿನ ಗುಪ್ತಚರ ಇಲಾಖೆಯವರು ಇವರಿಗಿಂತ ಮುಂಚೆಯೇ ಇದನ್ನು ಕಂಡುಹಿಡಿದಿದ್ದರೂ ಆ ಸಂಗತಿ 1997ರವರೆಗೆ ಹೊರಬರಲಿಲ್ಲ. ಬಚ್ಚಿಟ್ಟ ಜ್ಞಾನದಿಂದ ಲೋಕಕ್ಕೆ ಉಪಯೋಗವಾಗದು ಎಂಬುದಕ್ಕೆ ಇದೂ ಒಂದು ದೃಷ್ಟಾಂತ.

ಇದರ ತತ್ವವನ್ನು ರಸ್ತೆಯ ಬದಿಯ ಕೆಂಪು ಅಂಚೆ ಡಬ್ಬಿಯಿಂದ ತಿಳಿಯಬಹುದು. ಅದರ ಬಾಯಿ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಕಾಗದ ಹಾಕಬಹುದು. ತೆಗೆಯಲು ಮಾತ್ರ ಅಂಚೆಯವನ ಬಳಿಯ ಕೀಲಿಯೇ ಬೇಕು. ಅದೇ ರೀತಿ ಪ್ರತಿಯೊಬ್ಬನಿಗೂ ಎರಡು ಕೀಲಿಗಳು: ಒಂದು ಲೋಕಕ್ಕೆಲ್ಲ ಹಂಚುವ ಸಾರ್ವಜನಿಕ ಕೀಲಿ, ಇನ್ನೊಂದು ತನ್ನಲ್ಲೇ ಉಳಿಯುವ ಖಾಸಗಿ ಕೀಲಿ. ಗಣಿತದಲ್ಲಿ ಇದು ಸಾಧ್ಯವಾಗುವುದು ಒಂದು ಕಡೆಗೆ ಸುಲಭ, ಹಿಂದಿರುಗಲು ಕಠಿಣ ಎನ್ನುವಂಥ ಲೆಕ್ಕಗಳಿಂದ. 89 ಮತ್ತು 97ನ್ನು ಗುಣಿಸಿ 8633 ಎನ್ನಲು ಕಾಗದ, ಪೆನ್ಸಿಲ್ ಸಾಕು. ಆದರೆ 8633ನ್ನು ಮಾತ್ರ ಕೊಟ್ಟು, ಯಾವ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ ಎಂದು ಕೇಳಿದರೆ ಸ್ವಲ್ಪ ಹೊತ್ತು ತಿಣುಕಬೇಕು. ಇದೇ ಲೆಕ್ಕ ಆರುನೂರು ಅಂಕಿಗಳ ಸಂಖ್ಯೆಗಾದರೆ ಇಂದಿನ ಕಂಪ್ಯೂಟರುಗಳೂ ಕೈಚೆಲ್ಲುತ್ತವೆ. ಮುಂದೆ ಕ್ವಾಂಟಂ ಕಂಪ್ಯೂಟರುಗಳು ಬಲಿತರೆ ಈ ಲೆಕ್ಕ ಸುಲಭವಾಗಬಹುದೆಂಬ ಆತಂಕವಿದೆ. ಅದಕ್ಕಾಗಿ ಮತ್ತೆ ಬಹಿರಂಗ ಸ್ಪರ್ಧೆ ನಡೆಸಿ, 2024ರ ಆಗಸ್ಟ್‌ನಲ್ಲಿ ನಿಸ್ಟ್ ಹೊಸ ಮಾನಕಗಳನ್ನು ಪ್ರಕಟಿಸಿದೆ.

ಡಬ್ಬಿಯ ತತ್ವವನ್ನು ತಿರುಗಿಸಿದರೆ ಡಿಜಿಟಲ್ ಸಹಿಯಾಗುತ್ತದೆ. ಖಾಸಗಿ ಕೀಲಿಯಿಂದ ನಾನು ಗುರುತು ಹಾಕುತ್ತೇನೆ. ಸಾರ್ವಜನಿಕ ಕೀಲಿಯಿಂದ ಯಾರು ಬೇಕಾದರೂ ಅದನ್ನು ತಾಳೆ ನೋಡಬಹುದು. ದಾಖಲೆಯಲ್ಲಿ ಒಂದು ಅಂಕಿ ಬದಲಾದರೂ, ಉದಾಹರಣೆಗೆ ಪಹಣಿಯ 2 ಎಕರೆ 10 ಗುಂಟೆಯನ್ನು 2 ಎಕರೆ 20 ಗುಂಟೆ ಎಂದು ತಿದ್ದಿದರೂ, ತಾಳೆ ತಪ್ಪುತ್ತದೆ. ನಮ್ಮ ಸಂಸತ್ತು ಈ ಗಣಿತವನ್ನು ಕಾನೂನಿನಲ್ಲೇ ಬರೆದಿದೆ ಎಂಬುದು ಬಹಳ ಜನರಿಗೆ ತಿಳಿಯದು. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 3ನೇ ಕಲಮು ಈ ಜೋಡಿ ಕೀಲಿಯ ವ್ಯವಸ್ಥೆಯನ್ನು ಹೆಸರಿಸಿ ವಿವರಿಸುತ್ತದೆ. 42ನೇ ಕಲಮು ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲೇ ಇಟ್ಟುಕೊಳ್ಳಲು ಸಹಿದಾರನು ಯುಕ್ತ ಎಚ್ಚರಿಕೆ ವಹಿಸತಕ್ಕದ್ದೆಂದೂ, ಅದು ಕೈತಪ್ಪಿದರೆ ತಡಮಾಡದೆ ಪ್ರಮಾಣಪತ್ರ ನೀಡಿದವರಿಗೆ ತಿಳಿಸತಕ್ಕದ್ದೆಂದೂ ಹೇಳುತ್ತದೆ.

ನನ್ನ ಸಹಿ, ನಾನಿಲ್ಲದೆ

ಈಗ ನನ್ನ ತಪ್ಪಿನ ವಿಷಯ. ಸೇವೆಯ ಕೊನೆಯ ವರ್ಷಗಳಲ್ಲಿ ನಾನಿದ್ದ ಒಂದು ಕಚೇರಿಯಲ್ಲಿ ನನ್ನ ಹೆಸರಿಗೆ ಡಿಜಿಟಲ್ ಸಹಿಯ ಟೋಕನ್ ಬಂತು. ನೋಡಲು ಪೆನ್‌ಡ್ರೈವಿನಂಥ ಒಂದು ಚಿಕ್ಕ ಸಾಧನ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಪಿನ್ ಒತ್ತಿದರೆ ಸಹಿ. ದಿನಕ್ಕೆ ಇನ್ನೂರು, ಮುನ್ನೂರು ದಾಖಲೆಗಳು. ಸಭೆ, ಪ್ರವಾಸ, ನ್ಯಾಯಾಲಯದ ಹಾಜರಿಗಳ ನಡುವೆ ಇದೊಂದು ಹೊರೆಯೆನಿಸಿತು. ವಾರದೊಳಗೆ ಟೋಕನ್ನನ್ನು ವಿಷಯ ನಿರ್ವಾಹಕರ ಕೈಗೆ ಕೊಟ್ಟು, ಪಿನ್ನನ್ನು ಚೀಟಿಯೊಂದರಲ್ಲಿ ಬರೆದುಕೊಟ್ಟೆ. ಅದೇನು ಅಪರೂಪದ ನಡತೆಯೆಂದು ಅಂದು ನನಗನ್ನಿಸಲಿಲ್ಲ. ನನ್ನ ಸಹೋದ್ಯೋಗಿಗಳಲ್ಲಿ ಹಲವರು ಹಾಗೆಯೇ ಮಾಡುತ್ತಿದ್ದರು.

ಒಂದು ಸಲ ನಾನು ನಾಲ್ಕು ದಿನ ರಜೆಯಲ್ಲಿದ್ದೆ. ಹಿಂದಿರುಗಿದ ಕೆಲವು ವಾರಗಳ ಮೇಲೆ ವೃದ್ಧೆಯೊಬ್ಬರು ಕೋಲೂರಿಕೊಂಡು ಕಚೇರಿಗೆ ಬಂದರು. 'ಸ್ವಾಮಿ, ನಾನು ಸತ್ತೋಗಿವ್ನಿ ಅಂತ ನೀವೇ ಸಹಿ ಹಾಕಿದ್ದೀರಂತೆ. ಪಿಂಚಣಿ ನಿಂತೋಗದೆ' ಎಂದರು. ನಾನು ನಂಬಲಿಲ್ಲ. ದಾಖಲೆ ತೆಗೆಸಿ ನೋಡಿದೆ. ಮೃತಪಟ್ಟವರೆಂದು ಪಟ್ಟಿಯಿಂದ ಕೈಬಿಟ್ಟ ಹನ್ನೊಂದು ಹೆಸರುಗಳಲ್ಲಿ ಅವರದೂ ಒಂದು. ಕೆಳಗೆ ನನ್ನ ಡಿಜಿಟಲ್ ಸಹಿ. ತಾರೀಖು ನಾನು ಊರಲ್ಲಿಲ್ಲದ ದಿನದ್ದು. ತಾಳೆ ನೋಡಿದರೆ ಸಹಿ ಸರಿಯಾಗಿತ್ತು. ಗಣಿತ ಎಲ್ಲಿಯೂ ತಪ್ಪಿರಲಿಲ್ಲ.

ವಿಚಾರಿಸಿದಾಗ ತಿಳಿದದ್ದಿಷ್ಟು. ವಿಷಯ ನಿರ್ವಾಹಕರು ದುರುದ್ದೇಶದಿಂದೇನೂ ಮಾಡಿರಲಿಲ್ಲ. ತಿಂಗಳ ಕೊನೆಯ ಗಡುವು ಮೀರುತ್ತದೆಂದು, ಕೆಳಗಿನಿಂದ ಬಂದ ಪಟ್ಟಿಯನ್ನು ಪರಿಶೀಲಿಸದೆ ಒಪ್ಪಿಬಿಟ್ಟಿದ್ದರು. ಹನ್ನೊಂದರಲ್ಲಿ ನಾಲ್ವರು ಬದುಕಿದ್ದರು. ಅವರ ಪಿಂಚಣಿಯನ್ನು ಮತ್ತೆ ಆರಂಭಿಸಲು ಐದು ತಿಂಗಳು ಹಿಡಿಯಿತು. ಬಾಕಿ ಹಣ ಬರುವಷ್ಟರಲ್ಲಿ ನಾಲ್ವರಲ್ಲಿ ಒಬ್ಬರು ನಿಜವಾಗಿಯೂ ತೀರಿಕೊಂಡಿದ್ದರು. ಕೇಳಿದ ಸಮಜಾಯಿಷಿಗೆ 'ಕಾರ್ಯದ ಒತ್ತಡದಿಂದ' ಎಂದು ಬರೆದುಕೊಟ್ಟೆ. ನನ್ನ ಮೇಲೆ ಯಾವ ಕ್ರಮವೂ ಆಗಲಿಲ್ಲ.

ಕಾಗದದ ಕಾಲದಲ್ಲಿ ಇಂಥ ಸಂದರ್ಭಕ್ಕೆ ಒಂದು ಪ್ರಾಮಾಣಿಕ ಉಪಾಯವಿತ್ತು. ಅಧಿಕಾರಿ ಇಲ್ಲದಾಗ ಕೆಳಗಿನವರು 'ಪರವಾಗಿ' ಎಂದು ಬರೆದು ತಮ್ಮ ಸಹಿಯನ್ನೇ ಹಾಕುತ್ತಿದ್ದರು. ಯಾರು ಹಾಕಿದರು ಎಂಬುದು ಕಾಗದದ ಮೇಲೆಯೇ ಇರುತ್ತಿತ್ತು. ಟೋಕನ್ನು ಕೈಬದಲಾಯಿಸಿದಾಗ ಆ 'ಪರವಾಗಿ' ಕಾಣೆಯಾಗುತ್ತದೆ. ಗುರುತಿಸುವ ಸಾಧನವನ್ನು ಹಿಡಿದ ಕೈ ಯಾರದೆಂದು ಗಣಿತಕ್ಕೆ ತಿಳಿಯದು. ಅದು ಕೀಲಿಯನ್ನು ಮಾತ್ರ ಬಲ್ಲದು. ಕೋರ್ಸಿನ ಮೊದಲ ಉಪನ್ಯಾಸದಲ್ಲೇ ಬೋನೆ ಅವರು ಗೂಢಲಿಪಿ ಎಲ್ಲ ಸಮಸ್ಯೆಗಳಿಗೂ ಪರಿಹಾರವಲ್ಲ, ಸರಿಯಾಗಿ ಬಳಸದಿದ್ದರೆ ಅದನ್ನು ನೆಚ್ಚಲಾಗದು ಎಂದು ಎಚ್ಚರಿಸುತ್ತಾರೆ. ಅದನ್ನು ಕೇಳುವಾಗ ನನಗೆ ಆ ವೃದ್ಧೆಯ ಮುಖ ನೆನಪಾಯಿತು.

ಇದು ನಮ್ಮ ಕಚೇರಿಗಳ ರೋಗ ಮಾತ್ರವಲ್ಲ. ಪ್ರತಿ ಸಂದೇಶಕ್ಕೂ ಅಷ್ಟೇ ಉದ್ದದ ಹೊಸ ಕೀಲಿಯನ್ನು ಒಮ್ಮೆ ಮಾತ್ರ ಬಳಸಿದರೆ ಆ ಗೂಢಲಿಪಿಯನ್ನು ಯಾರೂ ಒಡೆಯಲಾರರೆಂದು ಕ್ಲಾಡ್ ಶಾನನ್ 1949ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗಣಿತದಿಂದಲೇ ಸಾಧಿಸಿ ತೋರಿಸಿದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ಒಕ್ಕೂಟ ಬಳಸಿದ್ದು ಇದೇ ಬಗೆಯದನ್ನು. ಆದರೆ ಕೀಲಿಯ ಹಾಳೆಗಳಲ್ಲಿ ಕೆಲವನ್ನು ಎರಡೆರಡು ಸಲ ಮುದ್ರಿಸಿ ಹಂಚಲಾಗಿತ್ತು. 1943ರಲ್ಲಿ ಆರಂಭವಾದ ಅಮೆರಿಕದ 'ವೆನೋನಾ' ಯೋಜನೆ ಆ ಒಂದು ಬಿರುಕಿನಿಂದಲೇ ಎಷ್ಟೋ ಗುಪ್ತ ಸಂದೇಶಗಳನ್ನು ಓದಿತು. ಅಲ್ಲಿಯೂ ಸೋತದ್ದು ಗಣಿತವಲ್ಲ, ಕೀಲಿಯನ್ನು ನಿರ್ವಹಿಸಿದ ಬಗೆ.

ಖಜಾನೆಯ ಎರಡು ಬೀಗ

ವಿಷಾದದ ಸಂಗತಿಯೆಂದರೆ ಕೀಲಿಯ ಶಿಸ್ತು ನಮಗೆ ಹೊಸದೇನಲ್ಲ. ಪ್ರೊಬೇಷನರ್ ಆಗಿ ಉಪಖಜಾನೆಯಲ್ಲಿ ತರಬೇತಿ ಪಡೆಯುವಾಗ ನಾನು ಮೊದಲು ಕಲಿತದ್ದೇ ಎರಡು ಬೀಗದ ಪದ್ಧತಿಯನ್ನು. ಭದ್ರತಾ ಕೊಠಡಿಗೆ ಎರಡು ಬೀಗ. ಒಂದರ ಕೀಲಿ ಖಜಾನೆ ಅಧಿಕಾರಿಯ ಬಳಿ, ಇನ್ನೊಂದರದು ಅವರ ಕೈಕೆಳಗಿನ ಜವಾಬ್ದಾರಿಯುತ ನೌಕರನ ಬಳಿ. ಇಬ್ಬರೂ ಎದುರಿಗಿಲ್ಲದೆ ಬಾಗಿಲು ತೆರೆಯುವಂತಿಲ್ಲ. ಬದಲಿ ಕೀಲಿಗಳನ್ನು ಅರಗಿನ ಮುದ್ರೆಯೊತ್ತಿ ಬೇರೆಡೆ ಇಡಲಾಗುತ್ತಿತ್ತು. ಅಧಿಕಾರಿ ವರ್ಗವಾದಾಗ ಕೀಲಿ ಹಸ್ತಾಂತರಕ್ಕೆ ಇಬ್ಬರ ಸಹಿ ಬೇಕಿತ್ತು. ಛಾಪಾ ಕಾಗದ, ಪರೀಕ್ಷೆಯ ಪ್ರಶ್ನೆಪತ್ರಿಕೆಗಳೆಲ್ಲ ಈ ಎರಡು ಬೀಗದ ಹಿಂದೆ ಇರುತ್ತಿದ್ದವು. ಪದ್ಧತಿ ಏನೆಂಬುದು ಸಂಹಿತೆಯಲ್ಲಿ ಅಚ್ಚಾಗಿತ್ತು. ಯಾರು ಬೇಕಾದರೂ ಓದಬಹುದಿತ್ತು. ಕೆರ್ಕಾಫ್ಸ್‌ನ ಹೆಸರನ್ನೇ ಕೇಳದ ಗುಮಾಸ್ತರು ಅವನ ಸೂತ್ರವನ್ನು ದಿನನಿತ್ಯ ಪಾಲಿಸುತ್ತಿದ್ದರು.

ಇದರ ಗಣಿತರೂಪವನ್ನು ಆದಿ ಶಮೀರ್ 1979ರಲ್ಲಿ ಕೊಟ್ಟ. ಒಂದು ಬಿಂದುವಿನ ಮೂಲಕ ಎಷ್ಟು ಬೇಕಾದರೂ ಸರಳರೇಖೆಗಳನ್ನು ಎಳೆಯಬಹುದು, ಎರಡು ಬಿಂದುಗಳ ಮೂಲಕ ಒಂದನ್ನೇ. ಆದ್ದರಿಂದ ಗುಟ್ಟನ್ನು ರೇಖೆಯೊಂದರಲ್ಲಿ ಅಡಗಿಸಿ, ಬಿಂದುಗಳನ್ನು ಐವರಿಗೆ ಹಂಚಿದರೆ ಅವರಲ್ಲಿ ಯಾರಾದರೂ ಇಬ್ಬರು ಸೇರಿದಾಗ ಗುಟ್ಟು ಸಿಗುತ್ತದೆ. ಒಬ್ಬನಿಗೆ ಏನೂ ಸಿಗದು. ಹೈಸ್ಕೂಲಿನ ರೇಖಾಗಣಿತ ಬಲ್ಲವರಿಗೆ ಅರ್ಥವಾಗುವ ಮಾತಿದು. ಉಪಖಜಾನೆಯ ಬಾಗಿಲಲ್ಲಿ ಇಷ್ಟು ಶ್ರದ್ಧೆಯಿಂದ ಕೀಲಿ ಕಾಯ್ದ ನಾನು, ಅದೇ ಕೀಲಿ ಪ್ಲಾಸ್ಟಿಕ್ಕಿನ ರೂಪದಲ್ಲಿ ಬಂದಾಗ ಗುರುತಿಸದೆ ಹೋದೆ. ಅದು ಕೀಲಿ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಲಿಲ್ಲ.

ಇಂದು ಕೀಲಿ ಅಧಿಕಾರಿಗಳ ಬಳಿ ಮಾತ್ರ ಇಲ್ಲ. ಮೊಬೈಲ್ ಇರುವ ಪ್ರತಿಯೊಬ್ಬ ತರಕಾರಿ ವ್ಯಾಪಾರಿಯೂ ಪಿಂಚಣಿದಾರನೂ ಕೀಲಿಗಳನ್ನು ಹೊತ್ತು ತಿರುಗುತ್ತಿದ್ದಾರೆ. ಯುಪಿಐ ಪಿನ್ ಒಂದು ಕೀಲಿ, ಒಟಿಪಿ ಕೆಲವು ನಿಮಿಷ ಬಾಳುವ ಇನ್ನೊಂದು ಕೀಲಿ. ಹಣ ಕೊಡುವುದಕ್ಕೆ ಪಿನ್ ಬೇಕು, ಪಡೆಯುವುದಕ್ಕೆ ಬೇಡ ಎಂಬ ಒಂದು ಸಂಗತಿ ತಿಳಿದಿದ್ದರೆ ಎಷ್ಟೋ ಮನೆಗಳ ಉಳಿತಾಯ ಉಳಿಯುತ್ತಿತ್ತು. ನನ್ನ ಪರಿಚಿತರಾದ ನಿವೃತ್ತ ಶಿಕ್ಷಕರೊಬ್ಬರು ನಕಲಿ ಜಾಲತಾಣವೊಂದರಲ್ಲಿ ಹಣ ಕಳೆದುಕೊಂಡು, 'ಅಲ್ಲಿ ಬೀಗದ ಚಿತ್ರ ಇತ್ತಲ್ಲ ಸಾರ್' ಎಂದು ಕೊರಗಿದರು. ಬೀಗದ ಚಿತ್ರ ಹೇಳುವುದು ನಮ್ಮ ಮಾತು ದಾರಿಯಲ್ಲಿ ಬೇರೆಯವರಿಗೆ ಕೇಳಿಸುವುದಿಲ್ಲ ಎಂಬುದನ್ನು. ಆ ತುದಿಯಲ್ಲಿರುವವನು ಸಜ್ಜನ ಎಂಬುದನ್ನಲ್ಲ. ಗೋಪ್ಯತೆ ಬೇರೆ, ಗುರುತಿನ ಖಾತರಿ ಬೇರೆ. ಈ ಭೇದವನ್ನು ಕೋರ್ಸಿನ ಮೊದಲ ವಾರಗಳಲ್ಲೇ ಕಲಿಸುತ್ತಾರೆ. ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ ತೋರಿಸಿ 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸುವವರು ಬದುಕಿರುವುದು ಈ ಭೇದ ನಮಗೆ ತಿಳಿಯದಿರುವುದರಿಂದ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಹಾಗೆ ಕರೆ ಬಂದರೆ 1930ಕ್ಕೆ ದೂರು ಕೊಡಬಹುದು.

ಆಳುವವರೂ ಕಲಿಯಬೇಕು

ಕಲಿಯಬೇಕಾದವರು ಜನಸಾಮಾನ್ಯರು ಮಾತ್ರವೇ? 2015ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಎನ್‌ಕ್ರಿಪ್ಷನ್ ನೀತಿಯ ಕರಡನ್ನು ಪ್ರಕಟಿಸಿತು. ಗೂಢಲಿಪಿಯಲ್ಲಿ ಕಳಿಸಿದ ಸಂದೇಶಗಳ ಮೂಲಪ್ರತಿಯನ್ನು ನಾಗರಿಕರು 90 ದಿನ ಇಟ್ಟುಕೊಂಡು, ಕೇಳಿದಾಗ ಒಪ್ಪಿಸಬೇಕೆಂಬ ಸೂಚನೆ ಅದರಲ್ಲಿತ್ತು. ಟೀಕೆಯ ಮಳೆ ಸುರಿದು ಕೆಲವೇ ದಿನಗಳಲ್ಲಿ ಕರಡನ್ನು ಹಿಂದಕ್ಕೆ ಪಡೆಯಬೇಕಾಯಿತು. ಅಪರಾಧ ಪತ್ತೆಗೆ ಪೊಲೀಸರಿಗೆ ಸಾಧನ ಬೇಕು ಎಂಬುದನ್ನು ಆಡಳಿತದಲ್ಲಿದ್ದ ನಾನು ಅಲ್ಲಗಳೆಯಲಾರೆ. ಆದರೆ ಕೋಟ್ಯಂತರ ಜನರ ಗುಟ್ಟಿನ ಮೂಲಪ್ರತಿಗಳು ಬೀಗವಿಲ್ಲದ ಫೋನುಗಳಲ್ಲಿ ಬಿದ್ದಿದ್ದರೆ ಅದು ಪೊಲೀಸರಿಗಿಂತ ಮೊದಲು ಕಳ್ಳರಿಗೆ ಒದಗುತ್ತಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈ ಹಕ್ಕಿಗೂ ಅಪರಾಧ ಪತ್ತೆಗೂ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ಚರ್ಚೆ ಮುಂದೆಯೂ ನಡೆಯುತ್ತದೆ. ಬೀಗ ಹೇಗೆ ಕೆಲಸ ಮಾಡುತ್ತದೆಂದು ತಿಳಿದವರು ಆ ಚರ್ಚೆ ನಡೆಸಿದರೆ ಒಳಿತು.

ಆದ್ದರಿಂದ ನನ್ನ ಸಲಹೆ ಇಷ್ಟೆ. ಗೂಢಲಿಪಿಯ ಪ್ರಾಥಮಿಕ ಕೋರ್ಸು ಎಂಜಿನಿಯರಿಂಗ್ ಕಾಲೇಜಿನ ಗೋಡೆಯೊಳಗೆ ಉಳಿಯಬಾರದು. ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳಿಗೆ ಮೂವತ್ತು ಗಂಟೆಗಳ ಒಂದು ಪಠ್ಯವನ್ನು ಕನ್ನಡದಲ್ಲಿ ರೂಪಿಸುವುದು ಕಷ್ಟವಲ್ಲ. ಅದರಲ್ಲಿ ಕೆರ್ಕಾಫ್ಸ್‌ನ ಸೂತ್ರ, ಜೋಡಿ ಕೀಲಿಯ ತತ್ವ, ಡಿಜಿಟಲ್ ಸಹಿ ಮತ್ತು ಅದರ ಕಾನೂನು, ಗೋಪ್ಯತೆಗೂ ಗುರುತಿಗೂ ಇರುವ ಭೇದ, ಕೀಲಿ ಕಳೆದಾಗ ಮಾಡಬೇಕಾದ್ದು ಇವಿಷ್ಟಿದ್ದರೆ ಸಾಕು. ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಬೆದರಬೇಕಿಲ್ಲ. ಕೊಟ್ಟ ಸಂಖ್ಯೆ ಅವಿಭಾಜ್ಯವೇ ಎಂದು ಬೇಗ ತಿಳಿಯುವ ಖಚಿತ ಮಾರ್ಗವೊಂದನ್ನು 2002ರಲ್ಲಿ ಜಗತ್ತಿಗೆ ಕೊಟ್ಟವರು ಕಾನ್ಪುರ ಐಐಟಿಯ ಮಣೀಂದ್ರ ಅಗರ್‌ವಾಲ್ ಮತ್ತು ಅವರ ಇಬ್ಬರು ತರುಣ ವಿದ್ಯಾರ್ಥಿಗಳು. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಗೆ ಬರುವ ಪ್ರತಿಯೊಬ್ಬ ಅಧಿಕಾರಿಗೂ ಇದೇ ಪಠ್ಯವನ್ನು ಕಡ್ಡಾಯವಾಗಿ ಕಲಿಸಲಿ. ಜೊತೆಗೆ ಕೆಲಸದ ಹೊರೆ ನಿಜವಾದದ್ದಾದ್ದರಿಂದ, ಕೈಕೆಳಗಿನವರಿಗೆ ಅಧಿಕಾರ ವಹಿಸಬೇಕಾದಲ್ಲಿ ಅವರ ಹೆಸರಿನದೇ ಟೋಕನ್ ಕೊಟ್ಟು ಅವರ ಹೆಸರಿನಲ್ಲೇ ಸಹಿ ಬೀಳುವಂತೆ ಮಾಡಲಿ. ಹಳೆಯ 'ಪರವಾಗಿ' ಹೊಸ ರೂಪದಲ್ಲಿ ಹಿಂದಿರುಗಲಿ.

ಆ ವೃದ್ಧೆ ಬಾಕಿ ಪಿಂಚಣಿ ಬಂದ ಮೇಲೆ ಮತ್ತೊಮ್ಮೆ ಕಚೇರಿಗೆ ಬಂದಿದ್ದರು. ನಾನು ಬದುಕಿಸಿದೆನೆಂದು ಕೈಮುಗಿದು ಹೋದರು. ಸಹಿ ಹಾಕಿದ ಕೈ ನನ್ನದಲ್ಲವೆಂದು ಅವರಿಗೆ ವಿವರಿಸುವ ಧೈರ್ಯ ನನಗಾಗಲಿಲ್ಲ. ವಿವರಿಸಿದ್ದರೂ ಅದು ಸಮರ್ಥನೆಯಾಗುತ್ತಿರಲಿಲ್ಲ. ಆ ಕೀಲಿ ನನ್ನದೇ ಆಗಿತ್ತು.

(ಲೇಖಕರು ನಿವೃತ್ತ ಸರ್ಕಾರಿ ಅಧಿಕಾರಿ)